ಟೋಬಿಯ ಅಮ್ಮ

ಅಮ್ಮಾ,

ಶಾಲೆ ಬಿಟ್ಟ ನನಗೂ ಒಂದು ತರಗತಿ ಸಿಕ್ಕಿದೆ. ಆಘಾತಕ್ಕೊಳಗಾದ ಮಕ್ಕಳಿಗೆ ಚಿಕಿತ್ಸೆ ಕೊಡುವವರು ಆನ್‌ಲೈನಿನಲ್ಲಿ ತರಬೇತಿ ಪಡೆಯುತ್ತಾರೆ. ಅವರ ಅಭ್ಯಾಸಕ್ಕಾಗಿ ನಾನು ಎಂಟು ವರ್ಷದ ಹುಡುಗ ಟೋಬಿಯಾಗಿ ನಟಿಸುತ್ತೇನೆ. ಹೊರಗೆ ನಮ್ಮೂರು ಡುಲುತ್‌ನ ಹಿಮ ಬೀಳುತ್ತಿರುತ್ತದೆ. ಪರದೆಯ ಮೇಲೆ ಹನ್ನೆರಡು ಮುಖಗಳು, ದೂರದ ಮನೆಗಳ ದೀಪ ಹೊತ್ತಿದ ಕಿಟಕಿಗಳ ಹಾಗೆ ತೇಲುತ್ತವೆ.

ಇವತ್ತು ಟೋಬಿ, ಚಿಕಿತ್ಸೆಯ ಭಾಗವಾಗಿ, ತನಗಾದದ್ದನ್ನು ಬರೆದ ಪುಟವನ್ನು ಅಮ್ಮನಿಗೆ ಓದಿ ಹೇಳುವ ದಿನ. ಅಮ್ಮನ ಪಾತ್ರ ನನ್ನ ಹಾಗೇ ನಟಿಸಲು ಬರುವ ಗಡ್ಡದ ವೆಂಡೆಲ್‌ನದು.

"ನಗಬೇಡ ಕಣೋ, ಈ ಗಡ್ಡ ನಿಮ್ಮಜ್ಜಿ ಕಡೆಯಿಂದ ಬಂದಿದ್ದು," ಅಂದ.

ನಾನು ಓದಿದೆ. ಅವನು ಪೂರ್ತಿ ಕೇಳಿ, "ನಿನ್ನ ತಪ್ಪೇನೂ ಇಲ್ಲ ಪುಟ್ಟಾ," ಅಂದ.

"ನಿಂದೂ ಇಲ್ಲಮ್ಮಾ," ಅಂದುಬಿಟ್ಟೆ.

ಕಲಿಸುವ ಡೊರೀನ್ ಹಾಳೆ ತಿರುವಿ ನೋಡಿದರು. "ಈ ಮಾತು ನಾವು ಬರ್ದುಕೊಟ್ಟಿದ್ರಲ್ಲಿ ಇಲ್ವಲ್ಲ ಬ್ರಿನ್, ಎಲ್ಲಿಂದ ಬಂತು?"

"ನಂದೇ," ಅಂದೆ. ನನಗೆ ಸುಳ್ಳು ಬರುವುದಿಲ್ಲ, ನಿನಗೆ ಗೊತ್ತು.

ಪಾತ್ರ ಮುಗಿದ ಮೇಲೆ ಕೈ ಕೊಡವಿ, ನಮ್ಮ ಹೆಸರು, ಬೆಳಗ್ಗೆ ತಿಂದದ್ದು ಹೇಳಿ ನಾವಾಗಿ ಮರಳಬೇಕು. "ನಾನು ಟೋಬಿ ಅಲ್ಲ, ಬ್ರಿನ್. ಓಟ್ಸ್ ಗಂಜಿ ತಿಂದೆ," ಅಂದೆ. ಆದರೂ ಮರಳಲಾಗಲಿಲ್ಲ.

ಇಂಥದೇ ಚಿಕಿತ್ಸೆಯಲ್ಲಿ ನಾನು ನನ್ನ ಪುಟ ಓದಿದ ದಿನ ನನಗೆ ಒಂಬತ್ತು ವರ್ಷ. "ಅಮ್ಮ ಒಳಗೆ ಬರೋದು ಬೇಡ," ಅಂದಿದ್ದೆ. ನೀನು ಕಾರಿನಲ್ಲೇ ಕುಳಿತೆ. ಗಾಜಿನ ಮೇಲೆ ಹಿಮ ತುಂಬಿ ಮುಖ ಕಾಣುತ್ತಿರಲಿಲ್ಲ. ಒಳಗೆ ನಿನ್ನನ್ನೇ ದೂರುತ್ತಿದ್ದೇನೆ ಅಂದುಕೊಂಡಿರಬೇಕು. ಮನೆಗೆ ಹೋಗುವಾಗ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀನು ತೀರಿಕೊಳ್ಳುವ ತನಕವೂ.

ಇವತ್ತು ವೆಂಡೆಲ್‌ಗೆ ಅಂದುಬಿಟ್ಟ ಮಾತು ನನ್ನ ಆ ಪುಟದ ಕೊನೆಯ ಸಾಲು.

ಬ್ರಿನ್