ಮೂಲೆಯ ಚುಕ್ಕೆ

ಮಾರ್ಚ್ 4, ಬೆಳಗ್ಗೆ 7

ಹಲ್ಲಿನ ಡಾಕ್ಟರ ಬೋರ್ಡಿಗೆ ಎರಡನೇ ಕೋಟ್ ಆಯಿತು. ಬಿಳಿ ಇನ್ನೂ ಒಣಗಿಲ್ಲ, ಕಾಯುತ್ತಾ ಬರೆಯುತ್ತಿದ್ದೇನೆ. ಈ ಸಲ ಕೆಲಸ ಕಡಿಮೆ. ಪಕ್ಕದ ಫ್ಲೆಕ್ಸ್ ಅಂಗಡಿಯವನು ಸಂಜೆಯೊಳಗೆ ಮೂವತ್ತು ಹೊಡೆಯುತ್ತಾನೆ... ಹೊಡೆಯುವುದು ಮೆಷಿನ್ನು, ಅವನು ಟೀ ಕುಡಿಯುತ್ತಾನೆ.

ಮಗಳು ನಿನ್ನೆ ಡಿಸೈನ್ ಕಾಲೇಜಿನ ಮಾಹಿತಿ ಪುಸ್ತಕ ತಂದಳು. ನಾಲ್ಕು ವರ್ಷಕ್ಕೆ ಹದಿನೆಂಟು ಲಕ್ಷ ಫೀಸು. ಕಾಗದ ಮಾತ್ರ ಭಾರೀ ಚೆನ್ನಾಗಿದೆ. ಊಟ ಮುಗಿಸಿ ಲೆಕ್ಕಕ್ಕೆ ಕೂತೆವು. ಅವಳು ಫೋನಿನಲ್ಲಿ, ನಾನು ಬೋರ್ಡಿನಲ್ಲಿ.

"ಮುಗಿಸಿದವರಿಗೆ ತಿಂಗಳಿಗೆ ಮೂವತ್ತೈದು ಸಾವಿರ ಅಂತೆ ಅಪ್ಪ. ಅದರಲ್ಲಿ ಇಪ್ಪತ್ತು ಕಟ್ಟಿದ್ರೂ ಏಳೂವರೆ ವರ್ಷಕ್ಕೆ ಲೋನ್ ತೀರುತ್ತೆ."

ಬಡ್ಡಿ ಮರೆತಿದ್ದಳು. ಹೇಳಲಿಲ್ಲ. ನನ್ನ ಲೆಕ್ಕ: ಬೋರ್ಡಿಗೆ ಸಾವಿರದ ಐನೂರು. ಸಾವಿರದ ಇನ್ನೂರು ಬೋರ್ಡು ಆಗಬೇಕು. ತಿಂಗಳಿಗೆ ಆರರಂತೆ ಹದಿನಾರು ವರ್ಷ ದಾಟುತ್ತದೆ. ಅಷ್ಟರಲ್ಲಿ ನನ್ನ ಫೋಟೋಗೇ ಚೌಕಟ್ಟು ಬಿದ್ದಿರುತ್ತದೆ.

ಹೆಂಡತಿಯದು ಒಂದೇ ಮಾತು. "ಬಣ್ಣ ಬಳಿಯೋದು ಕಲಿಯೋಕೆ ಅಷ್ಟು ದುಡ್ಡಾ? ನೀವು ಪುಕ್ಕಟೆ ಕಲೀಲಿಲ್ವಾ?"

ಪುಕ್ಕಟೆ ಅಲ್ಲ. ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಅವತ್ತಿನಿಂದ ಬಾಲ ಇರುವ ಅಕ್ಷರವೆಲ್ಲ ಕೊನೆಯಲ್ಲಿ ತುಸು ಎಡಕ್ಕೆ ತಿರುಗುತ್ತದೆ. ಎಷ್ಟು ತಿದ್ದಿಕೊಂಡರೂ ಅಷ್ಟೇ. ಗಿರಾಕಿಗಳು ಅದನ್ನೇ ಸ್ಟೈಲ್ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಮಾರ್ಚ್ 11

ಡಾಕ್ಟರ ಬೋರ್ಡು ಕೊಟ್ಟು ಬಂದೆ. "ಇದೇನ್ರೀ ಮೂಲೇಲಿ ಕೆಂಪಗೆ, ಕಲೆ ಬಿದ್ದಿದೆ?" ಅಂದರು. ಕಲೆ ಅಲ್ಲ ಸ್ವಾಮಿ, ಸಹಿ ಅಂದೆ. ಕಥೆ ಹೇಳಿದೆ.

ಮಗಳಿಗೆ ಆಗ ನಾಲ್ಕು ವರ್ಷ. ಟೈಲರ್ ಅಂಗಡಿಯ ಬೋರ್ಡು ಹಸಿ ಇತ್ತು. ಕೆಂಪು ಡಬ್ಬಿಗೆ ಬೆರಳು ಅದ್ದಿ ಮೂಲೆಗೆ ಒತ್ತಿಬಿಟ್ಟಳು. ಒರೆಸಲು ಹೋದರೆ ಟೈಲರ್ ಬಿಡಲಿಲ್ಲ. "ಇರಲಿ ಬಿಡಿ, ಕೂಸು ಸಹಿ ಹಾಕಿದೆ" ಅಂದ. ಆಮೇಲೆ ಪ್ರತಿ ಬೋರ್ಡಿಗೂ ಅವಳ ಬೆರಳು. ಹೈಸ್ಕೂಲಿಗೆ ಹೋದ ಮೇಲೆ ನಾಚಿಕೆ ಅಂತ ಬಿಟ್ಟಳು. ಈಗ ನಾನೇ ಕಿರುಬೆರಳಲ್ಲಿ ಒತ್ತುತ್ತೇನೆ. ನನ್ನ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಆ ಚುಕ್ಕೆ ಒಂದೇ.

ಮೂರು ದಿನದಿಂದ ಅವಳು ಕ್ಯಾಮರಾ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದಾಳೆ. ನನ್ನ ಹಳೇ ಬೋರ್ಡುಗಳ ಫೋಟೋ ಬೇಕಂತೆ, ಕಾಲೇಜಿನ ಇಂಟರ್‌ವ್ಯೂಗೆ. ಯಾವುದು ಎಲ್ಲಿದೆ ಅಂತ ನಾನೇ ಪಟ್ಟಿ ಮಾಡಿಕೊಟ್ಟೆ. ಬೀಗದವನು, ಸೈಕಲ್ ರಿಪೇರಿ, ಇಸ್ತ್ರಿ ಅಂಗಡಿ, ಟೈಲರ್. ಸುಳ್ಳೇಕೆ, ಬಹಳ ಖುಷಿಯಾಗಿದೆ.

ಏಪ್ರಿಲ್ 2

ಸೀಟು ಸಿಕ್ಕಿತು. ಅರ್ಧ ಫೀಸು ಮಾಫಿ. ಒಂಬತ್ತು ಲಕ್ಷ — ಆರುನೂರು ಬೋರ್ಡು ಉಳಿಯಿತು. ಹೆಂಡತಿಯ ಬಾಯಿ ಕೂಡ ಮುಚ್ಚಿತು. ಉಳಿದರ್ಧದ ಲೋನಿಗೆ ನಾನು ಬೋರ್ಡು ಬರೆಯುವ ಶೆಡ್ಡಿನ ಪತ್ರ ಬ್ಯಾಂಕಿಗೆ ಕೊಡುತ್ತೇನೆ. ಕೊಡೋಣ. ಶೆಡ್ಡಿನಲ್ಲಿ ಇನ್ನೇನಿದೆ, ಗಟ್ಟಿಯಾದ ಬ್ರಶ್ಶುಗಳು.

"ಬೋರ್ಡು ನೋಡಿ ಏನಂದ್ರು?"

"ತುಂಬಾ ಇಷ್ಟಪಟ್ರು."

"ನನ್ನ ಬಗ್ಗೆ ಕೇಳಿದ್ರಾ?"

"ಟೈಮೇ ಇರಲಿಲ್ಲ ಅಪ್ಪ." ಫೋನು ನೋಡುತ್ತಾ ಒಳಗೆ ಹೋದಳು.

ಏಪ್ರಿಲ್ 5, ಮಧ್ಯಾಹ್ನ

ಫ್ಲೆಕ್ಸ್ ಅಂಗಡಿಯವನು ಕೂಗಿದ. "ಯಜಮಾನ್ರೇ, ನಿಮ್ಮ ಮಗಳು ಇಂಟರ್‌ವ್ಯೂಗೆ ಪ್ರಿಂಟ್ ಹಾಕಿಸಿದ್ರಲ್ಲ, ಒಂದು ಸೆಟ್ ಬಣ್ಣ ಕೆಟ್ಟಿತ್ತು. ಎಲ್ಲ ನಿಮ್ಮ ಬೋರ್ಡೇ. ಇಟ್ಕೊಳ್ಳಿ." ಅವನು ಓದಿಲ್ಲ. ಯಾವುದನ್ನೂ ಓದುವುದಿಲ್ಲ, ಪ್ರಿಂಟ್ ಹಾಕುತ್ತಾನೆ ಅಷ್ಟೇ.

ಶೆಡ್ಡಿಗೆ ತಂದು ಬಿಡಿಸಿದೆ. ಇಪ್ಪತ್ತು ಪುಟ. ಬಣ್ಣ ಕೆಟ್ಟಿದ್ದರೂ ಬೀಗದವನ ಬೋರ್ಡು ಬಿಸಿಲಿಗೆ ಎಷ್ಟು ಚೆನ್ನಾಗಿ ಬಂದಿದೆ. ಆದರೆ ಏನೋ ಕಡಿಮೆ... ಏನು ಅಂತ ಹೊಳೆಯಲಿಲ್ಲ. ಮತ್ತೆ ಮೊದಲಿನಿಂದ ತಿರುವಿದೆ.

ಚುಕ್ಕೆ ಇಲ್ಲ. ಒಂದರಲ್ಲೂ ಇಲ್ಲ. ಕೆಲವುಗಳ ಮೂಲೆ ಕತ್ತರಿಸಿದೆ, ಉಳಿದವುಗಳಲ್ಲಿ ಕಂಪ್ಯೂಟರಿನಲ್ಲಿ ಒರೆಸಿದೆ. ಟೈಲರ್ ಬೋರ್ಡಿನದೂ ಹೋಗಿದೆ. ನಾಲ್ಕು ವರ್ಷದ ಬೆರಳು.

ಆಮೇಲೆ ಮೊದಲ ಪುಟ ಓದಿದೆ. "ಅಜ್ಞಾತ ಕೈ. ಈ ಅಕ್ಷರಗಳನ್ನು ಬರೆದ ಪೇಂಟರ್ ಯಾರೆಂದು ತಿಳಿದುಬಂದಿಲ್ಲ. ಬಹುಶಃ ಈಗ ಬದುಕಿಲ್ಲ. ಎಡಕ್ಕೆ ತಿರುಗುವ ಬಾಲವೇ ಆತನ ಗುರುತು. ಅದನ್ನು ಆಧರಿಸಿ ನಾನು ಈ ಹೊಸ ಅಕ್ಷರಮಾಲೆ ರೂಪಿಸಿದ್ದೇನೆ."

ಬದುಕಿಲ್ಲವಂತೆ. ಬೆಳಗ್ಗೆ ನನಗೆ ಟೀ ಸೋಸಿ ಕೊಟ್ಟವಳು ಅವಳೇ.

ಏಪ್ರಿಲ್ 6

ಬರೆಯುವ ಮನಸ್ಸಿಲ್ಲ.

ಏಪ್ರಿಲ್ 14

ಇವತ್ತು ಕೇಳಿದೆ. ಪ್ರಿಂಟು ಮುಂದಿಟ್ಟು, "ಯಾವಾಗಮ್ಮ ಸತ್ತೆ ನಾನು?" ಅಂದೆ.

ಮುಖ ಬಿಳಿಚಿಕೊಂಡಿತು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ಅಪ್ಪಂದು ಅಂದ್ರೆ ಕಾಪಿ ಅಂತಾರೆ. ಯಾರದೋ ಅಂದ್ರೆ ರಿಸರ್ಚ್ ಅಂತಾರೆ. ಅರ್ಧ ಫೀಸು ಮಾಫಿ ಆಗಿದ್ದೇ ಅದಕ್ಕೆ."

"ಚುಕ್ಕೆ ಯಾಕೆ ಒರೆಸಿದೆ?"

"ಅದಿದ್ರೆ ಸಹಿ ಅಂತ ಗೊತ್ತಾಗಿ ಕಾಲೇಜಿನೋರು ಹುಡುಕ್ಕೊಂಡು ಬರ್ತಾರೆ. ಇಲ್ಲಿ ಯಾವ ಅಂಗಡೀಲಿ ಕೇಳಿದ್ರೂ ನಿನ್ನ ಶೆಡ್ಡೇ ತೋರಿಸ್ತಾರೆ."

ಯೋಚನೆ ಮಾಡಿಯೇ ಮಾಡಿದ್ದಾಳೆ. ನಾನು ಮಾಡಿಕೊಟ್ಟ ಪಟ್ಟಿ ಹಿಡಿದುಕೊಂಡೇ ಸುತ್ತಿದ್ದಾಳೆ. ಮೋಸ — ಬೇರೆ ಮಾತು ಹುಡುಕಿದೆ, ಸಿಗಲಿಲ್ಲ. ಗಿರಾಕಿಗಳು ದುಡ್ಡು ಮುಳುಗಿಸಿ ಹೋದಾಗಲೂ ಇಷ್ಟು ಹೊಟ್ಟೆ ಉರಿದಿರಲಿಲ್ಲ. ಒಂಬತ್ತು ಲಕ್ಷಕ್ಕೆ ನನ್ನನ್ನು ಸಾಯಿಸಿದ್ದಾಳೆ. ರೇಟು ಪರವಾಗಿಲ್ಲ ಅಂತ ನಗಲು ನೋಡಿದೆ. ನಗು ಬರಲಿಲ್ಲ.

ಹೆಂಡತಿ ಪಾತ್ರೆ ಉಜ್ಜುತ್ತಲೇ ಹೇಳಿದಳು. "ನಿಮ್ಮ ಕೈ ನಿಮ್ಮ ಹತ್ರಾನೇ ಇದೆಯಲ್ಲ. ಅವಳ ಸೀಟು ಹೋದ್ರೆ ಮತ್ತೆ ಬರುತ್ತಾ?" ಹದಿನೆಂಟು ಲಕ್ಷಕ್ಕೆ ಕೂಗಾಡಿದವಳು ಇವಳೇ.

ಏಪ್ರಿಲ್ 28

ಕಾಲೇಜಿನಿಂದ ಫಾರಂ ಬಂದಿದೆ. ಮಾಫಿ ಸಿಕ್ಕವರ ತಂದೆ ಅಥವಾ ತಾಯಿ ಸಹಿ ಹಾಕಬೇಕು. ಹೆಂಡತಿ ಒಲ್ಲೆ ಅಂದಳು. "ನಿಮ್ಮ ವಿಷಯ, ನೀವೇ ಹಾಕಿ." ಮೇಲೆ ಅದೇ ಅಜ್ಞಾತ ಕೈಯ ವಿವರ, ಕೆಳಗೆ "ಮೇಲಿನದೆಲ್ಲ ನಿಜವೆಂದು ದೃಢೀಕರಿಸುತ್ತೇನೆ." ಮೂವತ್ತರ ಸಂಜೆಯೊಳಗೆ ಸ್ಕ್ಯಾನ್ ಮಾಡಿ ಕಳಿಸದಿದ್ದರೆ ಮಾಫಿ ರದ್ದು.

ನಾನು ಬದುಕಿಲ್ಲ ಅಂತ ನಾನೇ ಸಹಿ ಹಾಕಬೇಕು.

ಮಗಳು ಫಾರಂ ಮೇಜಿನ ಮೇಲಿಟ್ಟು ಹೋದಳು. ನಾನು ಶೆಡ್ಡಿಗೆ ಹೋಗಿ ಬ್ರಶ್ಶು ತೊಳೆದೆ. ತೊಳೆದದ್ದನ್ನೇ ತೊಳೆದೆ.

ಏಪ್ರಿಲ್ 30, ಬೆಳಗ್ಗೆ 10

ಸಹಿ ಹಾಕಿದೆ. ಯಾಕೆ ಅಂದರೆ, ಮಗಳು, ಅಷ್ಟೇ.

ಪಕ್ಕದಲ್ಲೇ ನಿಂತಿದ್ದಳು. ಒಂದು ಮಾತಾದರೂ ಆಡುತ್ತಾಳೆ ಅಂತ ಕಾದೆ. ಫಾರಂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸಹಿಯನ್ನೇ ನೋಡಿದಳು. ಆಗ ನನಗೂ ಕಂಡಿತು. ಕೊನೆಯ ಬಾಲ ಎಡಕ್ಕೆ ತಿರುಗಿದೆ.

"ಅಪ್ಪ... ಇನ್ನೊಂದು ಪ್ರಿಂಟ್ ತರ್ತೀನಿ. ಇದನ್ನ ಒಂಚೂರು ನೇರ ಹಾಕೋಕಾಗುತ್ತಾ? ಅಲ್ಲಿರೋರು ಗುರುತು ಹಿಡೀತಾರೆ."

ಮೂವತ್ತು ವರ್ಷ ಬೋರ್ಡು ಬರೆದ ಮೇಲೆ ನನ್ನ ಕೈಯ ಗುರುತು ಹಿಡಿಯುವವರು ಎಲ್ಲೋ ಇದ್ದಾರೆ ಅಂತಾಯಿತು. ಅವರ ಕಣ್ಣಿಗೇ ನಾನು ಬೀಳಬಾರದು.

10.20

ಫ್ಲೆಕ್ಸ್ ಅಂಗಡಿಗೆ ಹೋಗಿದ್ದಾಳೆ. ಈ ಪುಟದ ಅಂಚಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಒಂದು — ಎಡಕ್ಕೆ ಹೋಯಿತು. ಎರಡು — ಎಡಕ್ಕೆ. ಮೂರನೆಯದಕ್ಕೆ ಎಡಗೈಯಲ್ಲಿ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡೆ. ಸುಮಾರಾಗಿ ನೇರ ಬಂತು. ಯಾರದೋ ಸಹಿ ಇದ್ದ ಹಾಗಿದೆ.

ಗೇಟಿನ ಸದ್ದು. ಬಂದಳು. ಇನ್ನೊಂದು ಸಲ ಮಣಿಕಟ್ಟು ಹಿಡಿದು...