ಎಂಟನೆಯ ವಿಧಿ

ಮುಳಬಾಗಿಲು
12-3-2005

ಪ್ರೀತಿಯ ಓಬೇದುಲ್ಲಾ,

ನಿನ್ನ ಬಕ್ರೀದ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಹೊಸಪೇಟೆಯಲ್ಲಿ ಮಗಳು ಅರ್ಷಿಯಾಳ ಮನೆ ಒಗ್ಗಿತೇ? ಶಾಮಲಾ ತೀರಿಹೋಗಿ ಐದು ವರ್ಷವಾದರೂ ನನಗೆ ನನ್ನ ಮನೆಯೇ ಒಗ್ಗಿಲ್ಲ. ನಾನೇ ಸಾರು ಮಾಡಿ, ಉಪ್ಪು ಜಾಸ್ತಿಯಾಯಿತೆಂದು ನಾನೇ ಗೊಣಗಿ ಉಣ್ಣುತ್ತೇನೆ. ನಿನ್ನ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಕೂರಲು ಬೆಂಚಿಲ್ಲ.

ತಡವಾದದ್ದಕ್ಕೆ ಕಾರಣವಿದೆ. ನನ್ನ ಹಳೆಯ ಶಿಷ್ಯೆ ಪ್ರಿಯಂವದಾ ಈಗ ಕೋಲಾರದಲ್ಲಿ ವಕೀಲೆ. ಹೊಗೆಸೊಪ್ಪಿಗೆ ಕಡಿವಾಣ ಹಾಕಲು ದೇಶದೇಶಗಳು ಸೇರಿ ಮಾಡಿಕೊಂಡ ಒಪ್ಪಂದ ಹೋದ ತಿಂಗಳು ಜಾರಿಗೆ ಬಂತು, ನಮ್ಮ ದೇಶವೂ ಅದರಲ್ಲಿದೆ. ಬೀಡಿ ಕಟ್ಟುವ ಹೆಂಗಸರಿಗೆ ತಿಳಿಯುವಂತೆ ಅದನ್ನು ಕನ್ನಡ ಮಾಡಿಕೊಡಿ ಎಂದಳು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಒಪ್ಪಿಕೊಂಡೆ.

ಮೊನ್ನೆ ಬೀಬಿಜಾನ್ ಮನೆಯ ಜಗಲಿಯಲ್ಲಿ ಓದಿದೆ. ಎಲ್ಲರೂ ಬೀಡಿ ಕಟ್ಟುತ್ತಲೇ ಕೇಳಿದರು. ಬೀಬಿಜಾನ್ ತಲೆಯೆತ್ತದೆ, "ಬೀಡಿ ನಿಂತೋದ್ರೆ ನಮ್ ಹೊಟ್ಟೆಗೇನು ಮೇಷ್ಟ್ರೇ? ಅದೂ ಬರ್ದವ್ರಾ?" ಎಂದಳು.

"ಬೇರೆ ಕೆಲ್ಸಕ್ಕೆ ದಾರಿ ಮಾಡ್ಬೇಕು ಅಂತ ಬರ್ದಿದಾರೆ ಕಣಮ್ಮ."

"ಆ ದಾರಿ ಮುಳಬಾಗ್ಲಿಗೆ ಬಂದಾಗ ಹೇಳಿ, ಹೋಗ್ತೀವಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪ್ರಿಯಂವದಾ ಚುರುಕು. "ಏಳಾದ್ಮೇಲೆ ಒಂಬತ್ತು ಓದಿದ್ರಲ್ಲ ಸಾರ್?" ಎಂದಳು. ಎಂಟನೆಯ ವಿಧಿಯನ್ನು ನಾನು ಬರೆದೇ ಇರಲಿಲ್ಲ. ನಾಳೆ ಅದನ್ನೂ ಓದಬೇಕು. ಅದರ ಒಂದೇ ವಾಕ್ಯದ ಮುಂದೆ ಎಷ್ಟೋ ದಿನದಿಂದ ಕೂತಿದ್ದೇನೆ.

ಮಂಡಿಗೆ ಎಣ್ಣೆ ಹಚ್ಚಿಸಿಕೋ. ಅರ್ಷಿಯಾಗೂ ಮಕ್ಕಳಿಗೂ ನನ್ನ ಆಶೀರ್ವಾದ, ನೂರು ವರ್ಷ ಚೆನ್ನಾಗಿರಲಿ.

ನಿನ್ನ,
ಲಕ್ಷ್ಮೀನಾರಾಯಣ

ವಿ.ಸೂ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಆ ವಾಕ್ಯ ಇಷ್ಟೇ: ಇನ್ನೊಬ್ಬರು ಸೇದಿದ ಹೊಗೆಯಿಂದಲೂ ರೋಗ ಬರುತ್ತದೆ, ಸಾವು ಬರುತ್ತದೆ, ಇದರಲ್ಲಿ ಅನುಮಾನವಿಲ್ಲ. ಮೇಷ್ಟ್ರು ಬೀದಿಯಲ್ಲಿ ಸೇದಿದರೆ ಮರ್ಯಾದೆ ಏನಾದೀತು ಎಂದು, ನೀನು ಪೇಪರಿನಲ್ಲಿ ಸುತ್ತಿಕೊಟ್ಟ ಬೀಡಿಯನ್ನು ಇಪ್ಪತ್ತೆಂಟು ವರ್ಷ ಕಿಟಕಿ ಹಾಕಿಕೊಂಡು ಕೋಣೆಯಲ್ಲೇ ಸೇದಿದೆ. ಶಾಮಲಾ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದಳು. ಅವಳ ಎದೆಯ ಫೋಟೋ ನೋಡಿ ಡಾಕ್ಟರು, "ಮನೇಲಿ ಯಾರಾದ್ರೂ ಸೇದ್ತಾರಾ?" ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ, "ಇಲ್ಲ ಡಾಕ್ಟ್ರೇ, ಸೌದೆ ಒಲೆ ಹೊಗೆ" ಎಂದಳು. ನಾನು ಜೇಬಿನಲ್ಲಿದ್ದ ಬೀಡಿ ಕಟ್ಟನ್ನು ಕೈಯಿಂದ ಮುಚ್ಚಿಕೊಂಡೆ.

ವಾಕ್ಯವನ್ನು ಈಗ ಬರೆದೆ. ನಾಳೆ ಓದುತ್ತೇನೆ. ಅವಳು ಡಾಕ್ಟರಿಗೆ ಹಾಗೆ ಹೇಳುವ ಹೊತ್ತಿಗೆ ನಮ್ಮ ಮನೆಗೆ ಗ್ಯಾಸ್ ಬಂದು ಆರು ವರ್ಷವಾಗಿತ್ತು ಕಣೋ. ಮೊದಲನೇ ಸಿಲಿಂಡರನ್ನು ನೀನೇ ಹೊತ್ತು ತಂದಿದ್ದೆ.