ಕೊಕ್ಕೆಗೆ ಹಾಕದ ಚೀಲ

ಭಾನುವಾರ, ಮಾರ್ಚ್ ೧೪

ಮಗಳೇ ಗುಬ್ಬಿ,

ನಾನು ಗಟ್ಟಿಯಾಗಿದ್ದೇನೆ. ನಿನ್ನ ಕಾಲು, ಬೆರಳು, ಉಸಿರು ಎಲ್ಲ ನೆಟ್ಟಗಿರಲಿ. ನಿನ್ನ ಕಾಗದ ಬಂದು ಐದು ವಾರವಾಯಿತು. ಹೊಲಿಗೆ ಯಂತ್ರ ಕೆಟ್ಟಿತ್ತು ಎಂದು ಬರೆಯಬಹುದಿತ್ತು, ಆದರೆ ಯಂತ್ರ ಚೆನ್ನಾಗಿಯೇ ಇತ್ತು. ನಿನ್ನ ಮೇಲೆ ಕೋಪವಿತ್ತು. ತಡವಾಗಿದ್ದಕ್ಕೆ ಅದೇ ಕಾರಣ, ಕ್ಷಮಿಸು.

ಮತ್ತೊಂದು ಶಿಖರ ಹತ್ತುತ್ತೇನೆ, ಅದರಿಂದ ಬಂದ ಹಣವೆಲ್ಲ ಮಕ್ಕಳ ಕೇಂದ್ರಕ್ಕೆ ಎಂದು ಬರೆದಿದ್ದೀಯ. ಹತ್ತು. ಬೇಡ ಅಂದರೆ ನೀನು ಯಾವತ್ತು ಕೇಳಿದ್ದೀಯ? ಓದು ಬಿಟ್ಟು ದಾರಿ ಕಾಣದೆ ಕೂತ ಹುಡುಗ ಹುಡುಗಿಯರಿಗೆ ನಿನ್ನ ಕೇಂದ್ರ ಒಂದು ಆಸರೆಯಾಗಿದೆ, ಅದನ್ನು ಇಲ್ಲವೆನ್ನಲಾರೆ. ಅವರಿಗೆ ಬೆನ್ನುಚೀಲ ಹೊಲಿಯಲು ಕಲಿಸಮ್ಮ ಎಂದು ಕೇಳಿದ್ದೆಯಲ್ಲ, ಕಲಿಸಿದೆ. ಶನಿವಾರ ಹನ್ನೆರಡು ಜನ ಬರುತ್ತಿದ್ದರು, ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಬಾರದವರು ಬೆಟ್ಟ ಹತ್ತುತ್ತಾರಂತೆ! ಮೊದಲ ದಿನವೇ ಹೇಳಿದೆ: "ಹೊಲಿದದ್ದನ್ನ ಬಿಚ್ಚಿ ಮತ್ತೆ ಹೊಲಿಯೋದು ನಾಚಿಕೆ ಅಲ್ಲ. ಹೊಲಿದದ್ದು ತಾನಾಗೇ ಬಿಟ್ಕೊಂಡ್ರೆ, ಅದು ನಾಚಿಕೆ."

ಅವರಲ್ಲಿ ಹದಿನೈದರ ಒಬ್ಬಳಿದ್ದಾಳೆ, ಮೆಣಸಿನಕಾಯಿ. ನಾನೇ ಇಟ್ಟ ಹೆಸರು. ಕೇಂದ್ರಕ್ಕೆ ಬಂದ ಹೊಸತರಲ್ಲಿ ಯಾರೊಡನೆಯೂ ತುಟಿ ಬಿಚ್ಚುತ್ತಿರಲಿಲ್ಲವಂತೆ. ಹೋದ ವರ್ಷ ನೀನು ಬೆಟ್ಟಕ್ಕೆ ಕರೆದುಕೊಂಡು ಹೋದ ಮೇಲೆ ಬಾಯಿ ಬಂತಂತೆ. ನಿನಗೊಂದು ಪುಣ್ಯ, ನನಗೊಂದು ತಲೆನೋವು.

ಕೋಪಕ್ಕೆ ಕಾರಣ ಹೇಳುತ್ತೇನೆ. ಹೋದ ತಿಂಗಳು ಕೇಂದ್ರದ ಮೇಲ್ವಿಚಾರಕ ನನ್ನನ್ನು ಕರೆದೊಯ್ದು ಎಲ್ಲ ತೋರಿಸಿದ. ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ ನಿನ್ನ ಮೊದಲ ಚೀಲ, ಹದಿನೆಂಟಕ್ಕೆ ನೀನು ಮನೆ ಬಿಟ್ಟು ಹೊರಟಾಗ ನಾನು ಹೊಲಿದುಕೊಟ್ಟದ್ದು. ಎಡಪಟ್ಟಿ ಕಿತ್ತು ಜೋತಾಡುತ್ತಿದೆ. ಕೆಳಗೊಂದು ಫಲಕ: "ಅಮ್ಮ ಹೊಲಿದ ಪಟ್ಟಿ ಅರ್ಧ ಬೆಟ್ಟದಲ್ಲಿ ಕೈಕೊಟ್ಟಿತು. ಬಿದ್ದೆ, ಎದ್ದೆ. ಒಂದೇ ಹೆಗಲಲ್ಲಿ ಹೊರುವುದನ್ನು ಕಲಿತೆ." ಹೋದ ಸಭೆಯಲ್ಲೆಲ್ಲ ಇದನ್ನೇ ಹೇಳುತ್ತೀಯಂತೆ, ಜನ ನಗುತ್ತಾರಂತೆ. ನಲವತ್ತು ವರ್ಷದಲ್ಲಿ ನನ್ನ ಹೊಲಿಗೆ ಎಲ್ಲಾದರೂ ಬಿಟ್ಟಿದ್ದುಂಟೆ? ಡೇರೆ ಹೊಲಿಸಿಕೊಂಡವರನ್ನು ಕೇಳು, ಅಂಚೆಚೀಲ ಹೊಲಿಸಿಕೊಂಡವರನ್ನು ಕೇಳು.

ಕೈಚೀಲದಿಂದ ಸೂಜಿ ತೆಗೆದು ಕಪಾಟಿಗೆ ಕೈಹಾಕಿದೆ. ಆತ ಓಡಿಬಂದ. "ಅಯ್ಯೋ ಅಮ್ಮಾ, ಮುಟ್ಬೇಡಿ! ಅದು ಹಾಗೇ ಇರ್ಬೇಕು, ಮಕ್ಕಳಿಗೆ ಸ್ಫೂರ್ತಿ."

"ಸ್ಫೂರ್ತಿ ನಿಮಗೆ ಕಣಯ್ಯಾ, ಮರ್ಯಾದೆ ಹೋಗಿರೋದು ನಂದು" ಅಂದೆ.

ಮನೆಗೆ ಬಂದು ನಿನಗೆ ಮೂರು ಹಾಳೆ ಬೈಗುಳ ಬರೆದೆ. ಕಳಿಸಲಿಲ್ಲ.

ಹೋದ ವಾರದ ಶನಿವಾರ ಕೊನೆಯ ಪಾಠ. ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತಲ್ಲ, ಒಳಗೆ ಎರಡು ಇಸ್ತ್ರಿಪೆಟ್ಟಿಗೆ ಇಟ್ಟು ಒಂದು ಇಡೀ ದಿನ ಕೊಕ್ಕೆಗೆ ತೂಗುಹಾಕದೆ ಯಾವ ಚೀಲವೂ ಹೊಸ್ತಿಲು ದಾಟುವುದಿಲ್ಲ. ಮೊದಲ ಚೀಲ ತೂಗುಹಾಕಿ, "ಮನುಷ್ಯರು ಸುಳ್ಳು ಹೇಳ್ಬಹುದು, ಕೊಕ್ಕೆ ಹೇಳಲ್ಲ" ಅಂದೆ. ಮೆಣಸಿನಕಾಯಿ ತಲೆಯೆತ್ತಿ ಅದನ್ನೇ ನೋಡುತ್ತಿದ್ದಳು.

"ಅಜ್ಜಿ, ಕಪಾಟಲ್ಲಿರೋ ಅಕ್ಕನ ಚೀಲಾನೂ ಕೊಕ್ಕೆಗೆ ಹಾಕಿದ್ರಾ?"

"ಬಾಯಿ ಮುಚ್ಕೊಂಡು ಕತ್ತರಿ ಎತ್ತಿಡು."

ಎತ್ತಿಟ್ಟಳು. ಆಮೇಲೆ ಮೆಲ್ಲಗೆ, "ಹಾಕಿದ್ರೆ ಕಿತ್ತೋಗ್ತಿರ್ಲಿಲ್ಲ ಅಲ್ವಾ?" ಅಂದಳು.

ಅಂದಿನಿಂದ ಯಾರನ್ನೂ ಸರಿಯಾಗಿ ಬೈಯಲು ಆಗುತ್ತಿಲ್ಲ.

ನಿನ್ನ ಮಂಚದ ಮೇಲೆ ಕ್ಯಾನ್ವಾಸ್ ಸುರುಳಿಗಳನ್ನು ಒಟ್ಟಿದ್ದೇನೆ. ತೆಗೆಯಲು ಅರ್ಧ ಗಂಟೆ ಸಾಕು. ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ, ಬರುತ್ತೀಯ, ನಿಂತುಕೊಂಡೇ ಚಹಾ ಕುಡಿಯುತ್ತೀಯ, ಹೋಗುತ್ತೀಯ. ಲೋಟ ತೊಳೆಯುವಾಗ ಇನ್ನೂ ಬಿಸಿ ಇರುತ್ತದೆ. ಈ ಸಲ ಬೆಟ್ಟಕ್ಕೆ ಮೊದಲು ಬಂದು ನಾಲ್ಕು ದಿನ ಕೂತುಕೋ.

ಹನ್ನೆರಡು ಚೀಲಗಳೂ ಕೊಕ್ಕೆಯಲ್ಲಿ ಗೆದ್ದವು. ಚೆನ್ನಾಗಿ ಹೊಲಿದಿರಿ ಎಂದು ನಿನ್ನ ಕೇಂದ್ರದ ಮಕ್ಕಳಿಗೆ ನೀನೇ ಹೇಳು, ನಾನು ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಹತ್ತುವುದಕ್ಕೆ ನಿನಗೆ ಯಾರ ಹರಕೆಯೂ ಬೇಡ. ಕ್ಷೇಮವಾಗಿ ಇಳಿದು ಬಾ, ಅಷ್ಟೇ ನನ್ನ ಆಶೀರ್ವಾದ.

ನಿನ್ನ
ಅಮ್ಮ

ತಾ.ಕ.: ನಿನ್ನ ಚೀಲವನ್ನು ಕೊಕ್ಕೆಗೆ ಹಾಕಿರಲಿಲ್ಲ. ನೀನು ಹೊರಡುವ ಹಿಂದಿನ ದಿನ ಆ ಎಡಪಟ್ಟಿಯನ್ನು ಬೇಕೆಂದೇ ಒಂಟಿ ದಾರದಲ್ಲಿ, ಒಂದೇ ಸಲ ಹೊಲಿದೆ. ಬಸ್ ನಿಲ್ದಾಣ ಮುಟ್ಟುವ ಮೊದಲೇ ಕಿತ್ತುಹೋಗುತ್ತದೆ, ಹೊಲಿಸಿಕೊಳ್ಳಲಿಕ್ಕಾದರೂ ನೀನು ತಿರುಗಿ ಬರುತ್ತೀಯ ಎಂದುಕೊಂಡಿದ್ದೆ. ಸೂಜಿಗೆ ಜೋಡಿ ದಾರ ಪೋಣಿಸಿಕೊಂಡು ಸಂಜೆಯವರೆಗೆ ಬಾಗಿಲಲ್ಲೇ ಕೂತಿದ್ದೆ. ಹಾಳು ಕೈ, ಕೆಟ್ಟದಾಗಿ ಹೊಲಿದದ್ದೂ ಬೆಟ್ಟದವರೆಗೆ ತಡೆಯಿತು. ನಿನ್ನನ್ನು ಬೀಳಿಸಿದ್ದು ನಾನು. ಸಭೆಯಲ್ಲಿ ಇನ್ನು ಮೇಲೆ ಹಾಗೆಯೇ ಹೇಳು. ಅದಕ್ಕೆ ಮೊದಲು ಆ ಚೀಲ ತೆಗೆದುಕೊಂಡು ಮನೆಗೆ ಬಾ. ಸೂಜಿ ಪೋಣಿಸಿಟ್ಟಿದ್ದೇನೆ.